ಜಾರುವ ರಂಗಕ್ಕೆ ಬೆಲ್ಲದ ಪಾಕ

ನಮ್ಮೂರ ರಂಗಮಂದಿರದ ಆಡಳಿತಾಧಿಕಾರಿಗಳಾದ ಮಾನ್ಯರೇ,

ರಂಗಮಂದಿರದಲ್ಲಿ ಇನ್ನು ಮುಂದೆ ನಾಟಕಕ್ಕೆ ಅವಕಾಶವಿಲ್ಲ, ಸಭೆ-ಸನ್ಮಾನಗಳಿಗೆ ಮಾತ್ರ ಎಂಬ ತಮ್ಮ ಆದೇಶ ತಲುಪಿತು. ಈಜುಕೊಳಕ್ಕೆ ಇಳಿಯಬಾರದು, ದಡದಲ್ಲಿ ಕೂತು ಭಾಷಣ ಕೇಳಬಹುದು ಎಂದ ಹಾಗಾಯಿತು. ವೇದಿಕೆಗೆ ಅಂಟು ಪದಾರ್ಥ ಸುರಿದು ಗಣ್ಯರಿಗೆ ಮುಜುಗರ ಉಂಟುಮಾಡಿದ್ದು ನಮ್ಮ ತಂಡದ ಅಪರಾಧವಂತೆ. ಸುರಿದದ್ದು ನಿಜ. ಅದು ಬೆಲ್ಲ. ಯಾಕೆ ಸುರಿದಿರಿ ಎಂದು ತಾವು ಕೇಳಲೇ ಇಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಕಳೆದ ವರ್ಷ ತಾವು ಹಲಗೆಯ ನೆಲ ಕೀಳಿಸಿ, ಮುಖ ಕಾಣುವಷ್ಟು ನುಣುಪಾದ ಟೈಲ್ಸ್ ಹಾಕಿಸಿದಿರಿ. ಉದ್ಘಾಟನೆಯ ಫೋಟೋದಲ್ಲಿ ಪ್ರತಿಯೊಬ್ಬ ಗಣ್ಯರೂ ಎರಡೆರಡು ಸಲ ಕಂಡರು, ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ. ಅಂದದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನಾಟಕದವರು ಬರಿಗಾಲಲ್ಲಿ ಓಡುವವರು, ಬೀಳುವವರು. ತಮ್ಮ ನೆಲದ ಮೇಲೆ ಬೀಳುವುದಕ್ಕೆ ಅಭಿನಯವೇ ಬೇಕಾಗಲಿಲ್ಲ.

ತ್ರಾಸಿ ಕಡೆ ಬೆಳಿಗ್ಗೆ ಮೀನು ಮಾರಿ, ಸಂಜೆ ನಮ್ಮ ತಂಡದಲ್ಲಿ ಪಾತ್ರ ಮಾಡುವವರು ಜಲಜಕ್ಕ. ನಮ್ಮ ನಾಟಕದ ಕೊನೆಯಲ್ಲಿ ಕಡಲಿಗೆ ಹೋದ ಮಗನ ಹೆಣ ದಡಕ್ಕೆ ಬರುತ್ತದೆ, ತಾಯಿ ಓಡಿಬರುತ್ತಾಳೆ. ಜಲಜಕ್ಕನ ತಮ್ಮ ದೋಣಿಯಲ್ಲಿ ಹೋದವನು ತಿರುಗಿ ಬಂದಿಲ್ಲ. ಆ ದೃಶ್ಯಕ್ಕೆ ನಿರ್ದೇಶಕಿಯಾಗಿ ನಾನು ಅವರಿಗೆ ಏನನ್ನೂ ಹೇಳಿಕೊಟ್ಟವಳಲ್ಲ. ಹೊಸ ನೆಲದ ಮೊದಲ ಪ್ರದರ್ಶನದಲ್ಲಿ ಅವರು ಓಡಿಬಂದರು, ಜಾರಿದರು, ಮಗನನ್ನು ದಾಟಿ ಹಾರ್ಮೋನಿಯಂ ಬುಡದಲ್ಲಿ ಹೋಗಿ ನಿಂತರು. ಹೆಣವಾಗಿದ್ದ ರತನ್ ಗಾಬರಿಯಿಂದ ಎದ್ದು ಕೂತು, “ಜಲಜಕ್ಕ, ಪೆಟ್ಟಾಯ್ತಾ?” ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಪರದೆಯ ಹಿಂದೆ ಜಲಜಕ್ಕ ಊದಿದ ಮಂಡಿ ಹಿಡಿದು ಕೂತಿದ್ದರು. “ಬಿದ್ದದ್ದಕ್ಕೆ ಎಂತ ಬೇಜಾರಿಲ್ಲ. ನಾ ಮರ್ಕುಕೆ ಓಡ್ದೆ, ಜನ ನೆಗಾಡಿದ್ರ್ ಕಾಣಿ. ಇನ್ ಆ ನೆಲಕ್ಕೆ ನಾ ಕಾಲ್ ಇಡುದಿಲ್ಲ” ಎಂದರು. ಅಳುವುದಕ್ಕೆ ಓಡಿದವರಿಗೆ ಸಿಕ್ಕಿದ್ದು ನಗು. ನನಗೆ ಅಳು ಬಂತು, ಜೊತೆಗೆ ತಮ್ಮ ಮೇಲೆ ಸಿಟ್ಟೂ ಬಂತು.

ತಮ್ಮ ಕಚೇರಿಗೆ ಎರಡು ಸಲ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಆಗ ನಮ್ಮ ರಂಗಸಜ್ಜಿಕೆಯ ಅಣ್ಣಯ್ಯ, “ಹ್ವಾಯ್, ತೆಳು ಬೆಲ್ಲದ್ ನೀರಂಗ್ ಒರ್ಸುವ, ಕಾಲ್ ಹಿಡ್ಕಂತ್” ಎಂದ. ಉಪಾಯವೇನೋ ಸರಿಯೇ. ಆದರೆ ಅಣ್ಣಯ್ಯ ಮದುವೆ ಮನೆಗಳ ಅಡುಗೆಯವನು. ಅವನ ಕೈಗೆ ಬೆಲ್ಲ ಸಿಕ್ಕರೆ ಅದು ತೆಳು ನೀರಾಗಿ ಉಳಿದೀತೇ? ಅಭ್ಯಾಸಬಲದಿಂದ ಕುದಿಸಿ ಕುದಿಸಿ ಎಳೆಪಾಕ ಮಾಡಿ ತಂದು ಬಳಿದ. ಜಲಜಕ್ಕನನ್ನು ಕಾಡಿ ಬೇಡಿ ರಂಗಕ್ಕೆ ಕರೆತಂದೆ. ಅವರು ಓಡಿದರು, ಹೆಜ್ಜೆಹೆಜ್ಜೆಗೂ ಕಾಲು ಕಿತ್ತು ಓಡಿದರು, ಮಗನ ಹತ್ತಿರವೇ ಕುಸಿದರು. ಆ ದಿನ ಯಾರೂ ನಗಲಿಲ್ಲ. ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲೆ ನೆಲ ಒರೆಸಿದೆವು, ಆದರೆ ಪಾಕ ಬಿಡಲಿಲ್ಲ. ಮರುದಿನ ಅಲ್ಲೇ ತಮ್ಮ ‘ನಮ್ಮ ಭಾಷೆ, ನಮ್ಮ ಸಂಸ್ಕೃತಿ’ ವಿಚಾರ ಸಂಕಿರಣ. ಸಿನಿಮಾದವರು ನಮ್ಮ ಕಡೆಯ ಮಾತನ್ನು ಆಡತೊಡಗಿದ ಮೇಲೆ ಎಲ್ಲ ಅತಿಥಿಗಳೂ ‘ಹ್ವಾಯ್’ ಅಂದೇ ಭಾಷಣ ಶುರು ಮಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅಂದಿನ ಮುಖ್ಯ ಅತಿಥಿಗಳಿಗೆ ಅಷ್ಟೂ ಪುರುಸೊತ್ತು ಸಿಗಲಿಲ್ಲ. ದೀಪ ಬೆಳಗಲೆಂದು ಚಪ್ಪಲಿ ಕಳಚಿ ನಿಂತರು, ಪಾದ ಅಂಟಿತು, ಅಷ್ಟರಲ್ಲಾಗಲೇ ಬೆಲ್ಲಕ್ಕೆ ನೆರೆದಿದ್ದ ಇರುವೆಗಳು ಅವರನ್ನು ಸ್ವಾಗತಿಸಿದವು. ಅವರು ಕುಣಿದದ್ದನ್ನು ಮೊಬೈಲಿನಲ್ಲಿ ನೋಡಿದೆ. ನಿರ್ದೇಶಕಿಯಾಗಿ ಹೇಳುತ್ತೇನೆ, ಒಂದು ಹೆಜ್ಜೆಯೂ ಸುಳ್ಳಾಗಿರಲಿಲ್ಲ. ಆದರೂ ಅವರಲ್ಲಿ ಕೈಮುಗಿದು ಕ್ಷಮೆ ಕೇಳುತ್ತೇನೆ. ಇರುವೆ ಕಡಿತಕ್ಕೆ ಇಷ್ಟು ಬೇಗ ಆದೇಶ ಹೊರಡಿಸಿದ ತಮಗೆ, ಮಂಡಿ ಊದಿದ್ದು ಮಾತ್ರ ಕಾಣಲಿಲ್ಲವೇ?

ಆದೇಶ ಹಿಂಪಡೆಯಿರಿ, ಹಲಗೆಯ ನೆಲ ಮರಳಿಸಿ. ಆಗುವುದಿಲ್ಲ ಎಂದು ಬರೆಯುವ ಮೊದಲು ಒಮ್ಮೆ ತಮ್ಮ ಟೈಲ್ಸ್ ಮೇಲೆ, ಬರಿಗಾಲಲ್ಲಿ, ಮಗನ ಹೆಣ ಕಂಡ ತಾಯಿಯ ಹಾಗೆ ಓಡಿ ನೋಡಿ. ಬೀಳದೆ ನಿಂತರೆ ತಮ್ಮ ಆದೇಶ ಹಾಗೆಯೇ ಇರಲಿ. ಬಿದ್ದರೂ ನಾಚಿಕೆ ಬೇಡ. ಕೆಳಗೆ ಪ್ರೇಕ್ಷಕರ ಸಾಲಿನಲ್ಲಿ ಜಲಜಕ್ಕ ಒಬ್ಬರೇ ಕೂತಿರುತ್ತಾರೆ. ಅವರು ನಗುವುದಿಲ್ಲ.

ಇಂತಿ,
ತಮ್ಮ ಆದೇಶದಿಂದಾಗಿ ಸದ್ಯಕ್ಕೆ ಬರೀ ಸಭಿಕಳಾಗಿ ಉಳಿದಿರುವ
ಸುಗಂಧಿ, ಕುಂಭಾಶಿ