ಐದನೇ ಕಾಲಂನಲ್ಲಿ ಬರೆಯದೆ ಬಿಟ್ಟ ಅವರೆ ಸಾಲು

ಹಸಿರಂಗಳ ಯೋಜನೆಯ ಮಾನ್ಯ ಮೇಲ್ವಿಚಾರಣಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಮಾಗಡಿ ಬಸ್ ನಿಲ್ದಾಣದ ಹಿಂದಿರುವ ನಮ್ಮ ಸಮುದಾಯ ತೋಟಕ್ಕೆ ನೀವು ಜೆಸಿಬಿ ಕಳಿಸುತ್ತಿದ್ದೀರಿ. ‘ಕಟಾವು ಮುಗಿದಿದೆ, ಉಳಿದಿರುವುದು ಕಳೆ’ ಎಂದು ನಿಮ್ಮ ತಪಾಸಣಾ ವರದಿ ಹೇಳುತ್ತದೆ. ಕಟಾವು ಮುಗಿದಿಲ್ಲ. ಉಳಿದಿರುವುದು ಕಳೆಯಲ್ಲ, ಅವರೆ. ಹೂವು ಉದುರಿ ಕಾಯಿ ಕಟ್ಟುತ್ತಿರುವ ಅವರೆ. ಇಷ್ಟನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ, ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಬಾಗಿಲು ಹಾಕಿಕೊಂಡ ಮೀಟಿಂಗಿಗೂ ಸ್ವಲ್ಪ ಕೇಳಿಸಬಹುದು.

ನನ್ನ ಹೆಸರು ಶಾಲಿನಿ. ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜನರಿಗೆ ಅರ್ಜಿ ತುಂಬಿಕೊಡುವುದು ನನ್ನ ಕಸುಬು. ಜಾತಿ ಪ್ರಮಾಣಪತ್ರ, ಪಿಂಚಣಿ, ಪಹಣಿ, ಯಾವ ಕಾಲಂನಲ್ಲಿ ಏನು ಬರೆಯಬೇಕೆಂದು ಈ ಪೇಟೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬ ಜಂಬ ನನಗಿತ್ತು. ತೋಟದ ಈ ವರ್ಷದ ಅರ್ಜಿಯನ್ನು ತುಂಬಿದವಳೂ ನಾನೇ. ‘ಐದು: ಬೆಳೆಯುವ ಬೆಳೆ’ ಎಂಬಲ್ಲಿ ‘ರಾಗಿ’ ಎಂದಷ್ಟೇ ಬರೆದೆ.

ಮಾನ್ಯರೇ, ನಮ್ಮ ಕಡೆ ರಾಗಿ ಎಂದರೆ ಬರೀ ರಾಗಿಯಲ್ಲ. ಆರು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ, ಅಂದರೆ ಜೊತೆಬೆಳೆ, ಇರುತ್ತದೆ. ಆ ಸಾಲಿನಲ್ಲಿ ಅವರೆ, ಅಲ್ಲಲ್ಲಿ ಸಾಸಿವೆ, ಅಂಚಿಗೆ ಹರಳು ಗಿಡ. ರಾಗಿ ಕೊಯ್ಯುವಾಗ ಕುಡುಗೋಲು ತಾಗಿಸದೆ ಅಕ್ಕಡಿ ಸಾಲನ್ನು ಉಳಿಸಿಕೊಳ್ಳುತ್ತೇವೆ. ರಾಗಿ ಮನೆ ಸೇರಿದ ಮೇಲೆಯೇ ಅವರೆಗೆ ಕೈಕಾಲು ಚಾಚಲು ಜಾಗ ಸಿಗುವುದು. ಇದನ್ನು ಯಾರೂ ಬೇರೆಯಾಗಿ ಹೇಳುವುದಿಲ್ಲ, ನಾನೂ ಬರೆಯಲಿಲ್ಲ. ಮನೆ ಬಾಡಿಗೆಗಿದೆ ಎಂದು ಬೋರ್ಡು ಹಾಕುವವರು ಒಳಗೆ ಅಡುಗೆಮನೆಯೂ ಇದೆ ಎಂದು ಬರೆಯುತ್ತಾರೆಯೇ? ಆದರೆ ನಿಮ್ಮ ಒಂಬತ್ತನೇ ನಿಯಮ ಹೇಳುತ್ತದೆ: ನಮೂದಿಸಿದ ಬೆಳೆಯ ಕಟಾವಾದ ಮೇಲೆ ಜಾಗ ಕಚೇರಿಯ ವಶಕ್ಕೆ. ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಆದರೆ ಕಣ್ಣು ನಿಮ್ಮದಲ್ಲವೇ?

ಎರಡು ವರ್ಷದ ಹಿಂದೆ ಆ ಜಾಗ ಪ್ಲಾಸ್ಟಿಕ್ಕಿನ ಗುಡ್ಡೆಯಾಗಿತ್ತು. ಹನ್ನೊಂದು ಮನೆಯವರು ಒಂದು ಬೇಸಿಗೆಯೆಲ್ಲ ಅದನ್ನು ಹೆಕ್ಕಿ ತೆಗೆದೆವು. ಮೊದಲ ವರ್ಷ ಸೊಪ್ಪು, ಮೂಲಂಗಿ ಬೆಳೆದೆವು. ಈ ವರ್ಷ ಮಣ್ಣು ಹದವಾಗಿದೆ, ರಾಗಿ ಹಾಕೋಣ ಎಂದವರು ನಮ್ಮ ಬೀದಿಯ ದೊಡ್ಡಲಕ್ಷ್ಮಮ್ಮ. ಅವರ ಹತ್ತಿರ ಒಂದು ಗಡಿಗೆ ಅವರೆ ಬೀಜವಿತ್ತು. ಮದುವೆಯಾಗಿ ಬರುವಾಗ ಅಕ್ಕೂರಿನ ತವರಿಂದ ತಂದ ತಳಿ. ಐವತ್ತು ವರ್ಷ ಮನೆಯ ಹಿಂದಿನ ಗೋಡೆ ಬದಿಯಲ್ಲಿ ನಾಲ್ಕೈದು ಗಿಡ ಹಾಕಿಕೊಂಡು, ಬೂದಿ ಬೆರೆಸಿಟ್ಟು ಆ ಬೀಜ ಕಾಪಾಡಿದ್ದರು. ಬಿತ್ತುವ ದಿನ ‘ಒಸಿ ಮಡಿಕ್ಕೊಳ್ಳಾನಾ?’ ಎಂದು ನನ್ನ ಮುಖ ನೋಡಿದರು. ‘ಕಾಗದ ಎಲ್ಲ ಸರಿಯಾಗೈತೆ ಅಜ್ಜಿ, ಅಷ್ಟೂ ಹಾಕ್ಬುಡಿ’ ಎಂದೆ ನಾನು, ಅರ್ಜಿ ಪಂಡಿತೆ. ಗಡಿಗೆಯನ್ನು ಬೋರಲು ಹಾಕಿ ಕೊಡವಿಬಿಟ್ಟರು.

ನಿಮ್ಮ ತಪಾಸಕರು ಬಂದ ದಿನ ತೋಟದಲ್ಲಿದ್ದವರು ನಾಹಿದಾ. ಎದುರು ಸಾಲಿನಲ್ಲಿ ಟೈಲರಿಂಗ್ ಮಾಡುವ ಅವರು ಈ ವರ್ಷವೇ ಕುಡುಗೋಲು ಹಿಡಿಯಲು ಕಲಿತವರು. ತಪಾಸಕರು ಜೀಪಿನಿಂದ ಇಳಿಯದೆ ಫೋಟೋ ಹೊಡೆಯುತ್ತಿದ್ದಾಗ ಅವರು ಓಡಿಹೋಗಿ, ‘ಸಾರ್, ಒಸಿ ಕೆಳಗಿಳ್ದು ನೋಡಿ, ಇದು ಅವರೆ’ ಎಂದರಂತೆ. ‘ಲಿಸ್ಟಲ್ಲಿ ರಾಗಿ ಮಾತ್ರ ಐತಮ್ಮ. ಲಿಸ್ಟಲ್ಲಿ ಇಲ್ದಿರೋದು ಏನಿದ್ರೂ ಕಳೆನೇ’ ಎಂದು ಉತ್ತರ ಬಂತಂತೆ. ಎಂಥ ಸಲೀಸಾದ ಕೃಷಿಶಾಸ್ತ್ರ!

ಇಷ್ಟರ ಮೇಲೆ, ಕಳೆದ ವಾರ ನಿಮ್ಮ ಯೋಜನೆಯ ಕಿರುಹೊತ್ತಗೆ ನನ್ನ ಅಂಗಡಿಗೇ ಜೆರಾಕ್ಸಿಗೆ ಬಂತು. ಮುಖಪುಟದಲ್ಲಿ ಅದೇ ನಾಹಿದಾ, ನವೆಂಬರಿನಲ್ಲಿ ನಿಮ್ಮವರೇ ತೆಗೆದ ಚಿತ್ರ. ಅವರ ಸುತ್ತ ಸೊಂಟದೆತ್ತರಕ್ಕೆ ಬಿಳಿ ಹೂವು. ‘ನಗರದ ನಡುವೆ ಅರಳಿದ ಹಸಿರು’ ಎಂಬ ಶೀರ್ಷಿಕೆ. ಅದು ಅವರೆ ಹೂವು, ಮಾನ್ಯರೇ. ಮುಖಪುಟದಲ್ಲಿ ಹಸಿರಾಗಿದ್ದದ್ದು ವರದಿಗೆ ಬರುವ ಹೊತ್ತಿಗೆ ಕಳೆ ಹೇಗಾಯಿತು? ಮತ್ತೆ ಜಾಗ ಯಾತಕ್ಕಂತೆ? ನಿಮ್ಮ ಹಸಿರು ಉತ್ಸವದ ವೇದಿಕೆಗೆ. ಬೆಳೆದು ನಿಂತ ತೋಟವನ್ನು ಮಟ್ಟಸ ಮಾಡಿ, ಅದರ ಮೇಲೆ ನರ್ಸರಿಯಿಂದ ಬಾಡಿಗೆಗೆ ತಂದ ಕುಂಡಗಳನ್ನು ಜೋಡಿಸಿ ತೋಟಗಾರಿಕೆಯ ಮಹತ್ವ ಕುರಿತು ಭಾಷಣ ಮಾಡುತ್ತೀರಿ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

‘ಭಾನುವಾರದೊಳಗೆ ಬೇಕಾದಷ್ಟು ಕಿತ್ಕೊಳ್ಳಿ’ ಎಂದು ನಿಮ್ಮ ಕಚೇರಿ ಔದಾರ್ಯ ತೋರಿದೆ. ಅದನ್ನು ಅಜ್ಜಿಗೆ ಹೇಳಿದೆ. ಅವರು ಒಂದು ಎಳೆಕಾಯಿ ಸುಲಿದು ನನ್ನ ಅಂಗೈಗಿಟ್ಟರು. ‘ಈಗ ಕಿತ್ರೆ ಸಾರಿಗಾಯ್ತದೆ ಮಗ, ಬಿತ್ತಕ್ಕಾಗಕಿಲ್ಲ. ಗಿಡದಲ್ಲೇ ಒಣಗ್ಬೇಕು’ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಇಷ್ಟು ಬರೆದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಶಟರ್ ಅರ್ಧ ಎಳೆದು ತೋಟಕ್ಕೆ ಹೋಗಿ ಬಂದೆ. ನಿನ್ನೆಯಿಂದ ಇದು ಆರನೇ ಸಲ. ಗಿರಾಕಿಗಳು ಬಂದು ವಾಪಸ್ಸು ಹೋಗುತ್ತಿದ್ದಾರೆ, ಬೆಳಿಗ್ಗೆ ಯಾರದೋ ಆಧಾರ್ ನಂಬರನ್ನು ಎರಡು ಸಲ ತಪ್ಪು ಹೊಡೆದೆ. ತೋಟದಲ್ಲಿ ದೊಡ್ಡಲಕ್ಷ್ಮಮ್ಮ ಬೀಜಕ್ಕೆಂದು ಆರಿಸಿದ ಗಿಡಗಳಿಗೆ ಬಟ್ಟೆ ಚೂರು ಕಟ್ಟುತ್ತಿದ್ದರು. ಒಳ್ಳೆಯ ಗಿಡಗಳಿಗೆ ಹೀಗೆ ಗುರುತು ಕಟ್ಟಿದರೆ ಯಾರೂ ಅವುಗಳ ಕಾಯಿ ಕೀಳುವುದಿಲ್ಲ, ಅದು ವಾಡಿಕೆ. ನಾಹಿದಾ ತಮ್ಮ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಕೊಟ್ಟಿದ್ದರು, ಎಲ್ಲವೂ ಕೆಂಪು.

‘ಸೋಮವಾರದ ವಿಷ್ಯ ಗೊತ್ತಲ್ವಾ ಅಜ್ಜಿ?’ ಎಂದೆ.

‘ಗೊತ್ತು ಕಣವ್ವ. ಅದ್ಕೇ ಕೆಂಪು ಬಟ್ಟೆ ಕಟ್ತಿರೋದು. ಕೆಂಪು ಕಂಡ್ರೆ ಗಾಡಿಯೋನು ನಿಲ್ಲುಸ್ತಾನಲ್ವಾ?’

ಇನ್ನೊಂದು ಚೂರು ತೆಗೆದು ಮುಂದಿನ ಗಿಡಕ್ಕೆ ನಾನೂ ಕಟ್ಟಿದೆ. ನಿಮ್ಮ ಬಳಿ ಉತ್ತರವಿದ್ದರೆ ಅವರಿಗೇ ಹೇಳಿ.

ನಾವು ಕೇಳುವುದು ಇಷ್ಟೇ. ಶಿವರಾತ್ರಿಯವರೆಗೆ ಆ ನೆಲವನ್ನು ಮುಟ್ಟಬೇಡಿ. ಅಷ್ಟರಲ್ಲಿ ಕಾಯಿ ಒಣಗುತ್ತದೆ, ಬೀಜ ಗಡಿಗೆ ಸೇರುತ್ತದೆ. ಆಮೇಲೆ ನಿಮ್ಮ ಉತ್ಸವ ಅಲ್ಲೇ ಮಾಡಿ, ಗುಡಿಸಿ ರಂಗೋಲಿ ಹಾಕಲು ನಾವೇ ಬರುತ್ತೇವೆ. ಐದನೇ ಕಾಲಂನಲ್ಲಿ ‘ರಾಗಿ’ಯ ಮುಂದೆ ಇನ್ನೂ ಜಾಗ ಖಾಲಿಯಿದೆ. ಬಿಟ್ಟದ್ದನ್ನು ತುಂಬಲು ನನ್ನದೇ ಪೆನ್ನು ತಂದು ಬಾಗಿಲಲ್ಲಿ ಕಾಯುತ್ತೇನೆ. ಇದಕ್ಕೂ ನಿಯಮ ಅಡ್ಡ ಬಂದರೆ, ಸೋಮವಾರ ಜೆಸಿಬಿಯ ಮುಂದೆ ನೀವೇ ನಡೆದು ಬನ್ನಿ. ಅಜ್ಜಿ ಸಾಲಿನ ತುದಿಯಲ್ಲಿ ಕೂತಿರುತ್ತಾರೆ. ಅವರ ಎದುರು ಬಗ್ಗಿ, ಆ ಕೆಂಪು ಚೂರುಗಳನ್ನು ಒಂದೊಂದಾಗಿ ನಿಮ್ಮ ಕೈಯಾರೆ ಬಿಚ್ಚಿ. ಆಮೇಲೆ ಯಂತ್ರ ಹರಿಸಿ.

ಇಂತಿ,
ಊರಿನವರ ಅರ್ಜಿಗಳನ್ನೆಲ್ಲ ಸರಿಯಾಗಿ ತುಂಬಿ, ತನ್ನ ಬೀದಿಯದ್ದನ್ನೇ ಕೆಡಿಸಿದ
ಜೆರಾಕ್ಸ್ ಅಂಗಡಿ ಶಾಲಿನಿ
ಮಾಗಡಿ