ಬಾಗಿಲ ಬಳಿಯ ಜಾಗ

ಹಾನಗಲ್ಲ, ಸೋಮವಾರ

ಪೂಜ್ಯ ಸಭಾಪಾಲಕರಿಗೆ, ನಿವೃತ್ತ ಕಂಡಕ್ಟರ್ ಸೊಲೊಮೋನನ ವಂದನೆಗಳು.

ನಿನ್ನೆ ಆರಾಧನೆಯಲ್ಲಿ ನೀವು, "ಹಿರಿಯರು ಬಾಗಿಲಾಗ ನಿಂತ್ರ ಹೆಂಗ್ರಿ? ಮುಂದ ಬರ್ರಿ" ಎಂದು ಕರೆದು ಕುರ್ಚಿ ಕೊಟ್ಟಿರಿ. ಪ್ರೀತಿಯಿಂದಲೇ ಕೊಟ್ಟಿರಿ. ಮೊಣಕಾಲು ನೋಯುವುದೂ ನಿಜ. ಆದರೂ ಆ ಕುರ್ಚಿಯನ್ನು ಬೇರೆಯವರಿಗೆ ಕೊಡಿ.

ನೌಕರಿಯಲ್ಲಿದ್ದಾಗ ನನಗೆ ಭಾನುವಾರ ರಜೆ ಸಿಕ್ಕಿದ್ದೇ ಕಡಿಮೆ. ಶಿಗ್ಗಾವಿಯಿಂದ ಹಿರೇಕೆರೂರಿಗೆ ಹೋಗುವ ನಮ್ಮ ಬಸ್ಸು ಹಾನಗಲ್ಲಿನಲ್ಲಿ ಚಹಾಕ್ಕೆ ನಿಂತಾಗ, ಖಾಕಿಯಲ್ಲೇ ಓಡಿಬಂದು, ಬಾಗಿಲಲ್ಲಿ ನಿಂತು ಒಂದು ಕೀರ್ತನೆ ಕೇಳಿ ಹೋಗುತ್ತಿದ್ದೆ. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ರಾಹೇಲ ಒಮ್ಮೆ ತಿರುಗಿ ನೋಡುತ್ತಿದ್ದಳು.

ಈಗ ಅವಳಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ಊಟ ಮಾಡಿಸಲು ಹೋದರೆ, "ನೀವು ಯಾರ ಪೈಕಿರಿ? ನಮ್ಮ ಮನಿಯವರು ಡ್ಯೂಟಿಯಿಂದ ಇನ್ನೂ ಬಂದಿಲ್ರಿ" ಎನ್ನುತ್ತಾಳೆ. ನಾನೇ ಎಂದು ಹೇಳಿ ಹೇಳಿ ಸಾಕಾಗಿದೆ. "ಬರ್ತಾರ್ರಿ, ನೀವು ಊಟ ಮಾಡ್ರಿ" ಎನ್ನುತ್ತೇನೆ. ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ, ನಿದ್ದೆ ಬರುತ್ತದೆ. ದೇವರು ಅದನ್ನೇ ಪ್ರಾರ್ಥನೆ ಅಂದುಕೊಳ್ಳಲಿ.

ನಿನ್ನೆ ನಾನು ಮುಂದೆ ಕೂತಿದ್ದಾಗ ಅವಳು ಬಾಗಿಲು ನೋಡಿ ನೋಡಿ ಎದ್ದು ಹೋಗಿಬಿಟ್ಟಳು. ಕೊನೆಗೆ ಬಸ್ ನಿಲ್ದಾಣದಲ್ಲಿ ಸಿಕ್ಕಳು.

ದಯವಿಟ್ಟು ನನ್ನನ್ನು ಬಾಗಿಲಲ್ಲೇ ನಿಲ್ಲಲು ಬಿಡಿ. ಅಲ್ಲಿ ನಿಂತರೆ, ಕೀರ್ತನೆ ಶುರುವಾದಾಗ ಅವಳು ತಿರುಗಿ ನೋಡಿ, ಪಕ್ಕದವರಿಗೆ "ನಮ್ಮ ಮನಿಯವರು ಬಂದ್ರು" ಎನ್ನುತ್ತಾಳೆ. ವಾರದಲ್ಲಿ ಅಷ್ಟು ಹೊತ್ತು ಮಾತ್ರ ನಾನು ಅವಳ ಗಂಡ.

ನಿಮ್ಮ ಸಭೆಯವ,
ಸೊಲೊಮೋನ ಹಂಚಿನಮನಿ