ಮಾರ್ಚ್ ಹನ್ನೆರಡರ ಸರ್ಟಿಫಿಕೇಟು

ಕೆಂಗೇರಿ
17-7-1987

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಫ್ಯಾಕ್ಟರಿಯ ಕೊಳಚೆ ತೊಟ್ಟಿ ತೊಳೆಯಲು ಇಳಿದು ತೀರಿಕೊಂಡ ನಮ್ಮ ಯಜಮಾನರ ಹೆಸರಿನ ಸರ್ಟಿಫಿಕೇಟು ತಲುಪಿತು. ಮಾರ್ಚ್ ಹನ್ನೆರಡರಂದು ಪರಿಸರ ತರಬೇತಿಯಲ್ಲಿ ವಿಷಗಾಳಿಯ ಬಗ್ಗೆ ಕಲಿತರೆಂದು ಅದರಲ್ಲಿ ಬರೆದಿದೆ. ಅಂದು ಅವರು ರಜೆಯಲ್ಲಿದ್ದರು. ಮಗಳಿಗೆ ಕಿವಿ ಚುಚ್ಚಿಸಿದೆವು. “ಅಳ್‌ಬೇಡ ಕಣವ್ವಾ” ಎನ್ನುತ್ತ ಅವರೇ ಅತ್ತರು. ರಜೆಚೀಟಿ ಬರೆದವಳು ನಾನು. ನಿಮ್ಮ ಫೈಲಿನಲ್ಲಿರಬೇಕು, ನೋಡಿ. ಸರ್ಟಿಫಿಕೇಟನ್ನು ವಾಪಸು ಕಳಿಸಿದ್ದೇನೆ.

ಅದೇ ತೊಟ್ಟಿಯ ಸುತ್ತ ಗುಡಿಸುವ ಕೆಲಸ ನನಗೆ ಕೊಟ್ಟಿದ್ದೀರಿ. ಉಪಕಾರ ಮರೆಯುವುದಿಲ್ಲ. ಸೋಮವಾರ ಬರುತ್ತೇನೆ. ಪೊರಕೆ ಕೊಡುವ ಮೊದಲು ಆ ತರಬೇತಿಯನ್ನು ನನಗೆ ನಿಜವಾಗಿ ಕೊಡಿಸಿ. ಸಂಜೆ ಮಗಳನ್ನು ಬಾಲವಾಡಿಯಿಂದ ಕರೆತರಲು ಇನ್ನು ನಾನೊಬ್ಬಳೇ ಇರುವುದು.

ಇತಿ,
ಬೈರಯ್ಯನವರ ಹೆಂಡತಿ
ಅಂಜಮ್ಮ